ತೊಳೆಯದ ಬಲ್ಬು

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಮಾನ ಹೋದದ್ದು ಆರೂವರೆ ಯೂನಿಟ್ ಕರೆಂಟಿಗೆ. ಅಡಿಕೆಯಾದರೆ ಬಾಯಿಗೆ ಹಾಕಿಕೊಂಡು ಜಗಿಯುವುದಕ್ಕಾದರೂ ಆಗುತ್ತಿತ್ತು; ನಾನು ಉಳಿಸಿದ್ದು ಕಣ್ಣಿಗೂ ಕಾಣಲಿಲ್ಲ, ಕೈಗೂ ಸಿಗಲಿಲ್ಲ. ಇದನ್ನು ಬೇರೆ ಯಾರಾದರೂ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳುವಾಗ ನನ್ನ ಮೇಲೆ ಸ್ವಲ್ಪ ಕನಿಕರ ತೋರಿಸುತ್ತಾರೆ, ಅದು ನನಗೆ ಬೇಡ.

ನಮ್ಮೂರಿನಲ್ಲಿ ಬಲ್ಬು ನೆರಳು ಇಟ್ಟುಕೊಳ್ಳುತ್ತದೆ. ಒಂದು ಮನೆಯಲ್ಲಿ ವರ್ಷಗಟ್ಟಲೆ ಉರಿದ ಬಲ್ಬನ್ನು ಬಿಚ್ಚಿ ಇನ್ನೊಂದು ಕಡೆ ಹಾಕಿದರೆ, ಹಳೆಯ ಮನೆಯವರ ನೆರಳು ಹೊಸ ಗೋಡೆಯ ಮೇಲೆ ಓಡಾಡುತ್ತದೆ. ಕೂರುತ್ತದೆ, ಏಳುತ್ತದೆ, ಉಣ್ಣುತ್ತದೆ. ಮಾತು ಕೇಳುವುದಿಲ್ಲ, ಮುಖ ಕಾಣುವುದಿಲ್ಲ, ಆದರೆ ಊರು ಚಿಕ್ಕದು. ಹೆಗಲು ನೋಡಿದರೆ ಯಾರೆಂದು ಗೊತ್ತಾಗುತ್ತದೆ. ತನ್ನ ಮನೆಯಲ್ಲಿ, ಜನ ಇರುವಷ್ಟು ಹೊತ್ತು, ಬಲ್ಬು ಸುಮ್ಮನಿರುತ್ತದೆ. ಪರರ ಮನೆಗೆ ಹೋದ ಮೇಲೇ ಅದು ಬಾಯಿ ಬಿಡುವುದು. ಒಂಬತ್ತು ಸಂಜೆ ಕಳೆದರೆ ನೆರಳು ತಾನಾಗಿ ಮಾಸಿಹೋಗುತ್ತದೆ. ಆದ್ದರಿಂದ ಬಲ್ಬು ಮಾರುವವರು, ಕೊಡುವವರು, ಬಾಡಿಗೆ ಮನೆ ಬಿಡುವವರು ಮೊದಲು ಅದನ್ನು ತೊಳೆಯಬೇಕು. ತೊಳೆಯುವುದೆಂದರೆ ನೀರಿನಲ್ಲಲ್ಲ. ಖಾಲಿ ಕೋಣೆಯಲ್ಲಿ ಬಲ್ಬು ಹಾಕಿ, ಬಾಗಿಲು ಮುಚ್ಚಿ, ಒಂಬತ್ತು ಸಂಜೆ, ಸಂಜೆಗೆ ಮೂರು ಗಂಟೆ ಉರಿಸುವುದು. ಮುಚ್ಚಿದ ಬಾಗಿಲ ಹಿಂದೆ ನೆರಳುಗಳು ತಮ್ಮ ಪಾಡಿಗೆ ಓಡಾಡಿ ಮುಗಿಸುತ್ತವೆ. ಯಾರೂ ಇಣುಕುವುದಿಲ್ಲ.

ಇದರ ಜೊತೆಗೇ ನಮ್ಮ ಸಂಸಾರ ನಡೆದುಕೊಂಡು ಬಂದಿದೆ. ಗಂಡನ ಮನೆಗೆ ಹೊರಡುವ ಹುಡುಗಿಯ ಪೆಟ್ಟಿಗೆಯಲ್ಲಿ ತವರಿನ ಅಡುಗೆಮನೆಯ ಬಲ್ಬೊಂದನ್ನು ಹಳೇ ಸೀರೆಯಲ್ಲಿ ಸುತ್ತಿ ಇಡುತ್ತಾರೆ. ಅದನ್ನು ಮಾತ್ರ ತೊಳೆಯುವುದಿಲ್ಲ. ಒಂಬತ್ತು ಸಂಜೆ ಅಮ್ಮನ ನೆರಳು ಒಲೆಯ ಮುಂದೆ ಇರುತ್ತದೆ, ಅಷ್ಟರಲ್ಲಿ ಹುಡುಗಿಗೆ ಹೊಸ ಮನೆಯ ಉಪ್ಪಿನ ಡಬ್ಬ ಎಲ್ಲಿದೆ ಎಂದು ತಿಳಿದಿರುತ್ತದೆ. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಯ ಬಲ್ಬು ಕದ್ದು ತರಿಸಿ ನೋಡಿದವರೂ ಇದ್ದಾರೆ. ಪರರ ನೆರಳು ಕಂಡರೆ ತಿರುಗಿ ಕೂರಬೇಕು, ಕಂಡದ್ದನ್ನು ಆಡಬಾರದು ಎಂದು ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಹೇಳಿಕೊಡುತ್ತೇವೆ. ಇನ್ನೊಂದು ಸಂಗತಿಯನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ, ತಾನಾಗಿ ತಿಳಿಯುತ್ತದೆ. ಒಮ್ಮೆ ನಡೆದದ್ದನ್ನು ಬಲ್ಬು ಇಟ್ಟುಕೊಳ್ಳುವುದಿಲ್ಲ. ದಿನಾ ನಡೆದದ್ದನ್ನು ಇಟ್ಟುಕೊಳ್ಳುತ್ತದೆ. ಗೋಡೆಯ ಮೇಲೆ ಬಂದದ್ದಕ್ಕೆ, ಅವತ್ತೊಂದು ದಿನ ಏನೋ ಆಗಿಹೋಯಿತು ಎಂದು ಸಬೂಬು ಹೇಳುವ ಹಾಗಿಲ್ಲ.

ನಾನು ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಕೂಗುವವನು. ಹೆಸರು ಶ್ರೀಪತಿ. ಊರಿಗೆ ನನ್ನ ಎರಡು ಗುಣ ಗೊತ್ತು. ಒಂದು, ಜನರ ನಡಿಗೆಯನ್ನು ಅಣಕಿಸುವುದು. ಡ್ರೈವರು ಕಂಡಕ್ಟರುಗಳು ಟೀ ಕುಡಿಯುತ್ತ, "ಶ್ರೀಪತಿ, ಮ್ಯಾನೇಜರು ಬರೋದು ಒಂದ್ಸಲ ತೋರ್ಸೋ" ಎಂದು ದುಂಬಾಲು ಬೀಳುತ್ತಿದ್ದರು. ನಾನು ಹೊಟ್ಟೆ ಮುಂದೆ ಮಾಡಿ ನಾಲ್ಕು ಹೆಜ್ಜೆ ಹಾಕಿದರೆ ಬೆಂಚುಗಳು ಅಲ್ಲಾಡುವ ಹಾಗೆ ನಗುತ್ತಿದ್ದರು. ಎರಡನೆಯ ಗುಣ ಜಿಪುಣತನ. ನಾನು ಅದನ್ನು ಮಿತವ್ಯಯ ಎನ್ನುತ್ತಿದ್ದೆ. ಹೆಂಡತಿ ಕುಸುಮ ಅದಕ್ಕೆ ಇನ್ನೊಂದು ಹೆಸರು ಇಟ್ಟಿದ್ದಳು, ಇಲ್ಲಿ ಬೇಡ. ಮನೆಯಲ್ಲಿ ಯಾವ ಕೋಣೆಯಿಂದ ಯಾರು ಹೊರಗೆ ಬಂದರೂ ನನ್ನ ಕೈ ಮೊದಲು ಸ್ವಿಚ್ಚಿಗೆ ಹೋಗುತ್ತಿತ್ತು. ಕೆಲವು ಸಲ ಅವರು ಹೊರಗೆ ಬರುವುದಕ್ಕೂ ಮೊದಲೇ ಹೋಗುತ್ತಿತ್ತು.

ಮನೆಯಲ್ಲಿ ನಾವು ನಾಲ್ವರು. ನಾನು, ಕುಸುಮ, ಹತ್ತು ವರ್ಷದ ಮಗಳು ಮೇದಿನಿ, ಮತ್ತೆ ನನ್ನ ಅಕ್ಕ ಅಂಬುಜ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಆರು. ನನ್ನ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಚಡ್ಡಿಗೆ ಗುಂಡಿ ಹಾಕಿ ಶಾಲೆಗೆ ಕಳಿಸಿದವಳು ಅವಳು. ಮದುವೆಯಾಗಿ ಹೋದಳು, ಏಳು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಬಂದಳು. ಅಂದಿನಿಂದ ಮಹಿಳೆಯರ ಹೊಲಿಗೆ ಸಂಘಕ್ಕೆ ಹೋಗಿ ಗುಂಡಿ, ಹುಕ್ಕು ಹಾಕಿಕೊಡುತ್ತಾಳೆ. ಮಧ್ಯಾಹ್ನ ಊಟ ಮುಗಿಸಿ ಹೋದರೆ ದೀಪ ಹಚ್ಚಿ ಒಂದು ಗಂಟೆಯ ಮೇಲೆ ಮನೆಗೆ.

ಮೂರು ವರ್ಷದ ಹಿಂದೆ ಅಕ್ಕ ಬಿದ್ದಳು. ಅಡುಗೆಮನೆಯಿಂದ ಬಚ್ಚಲಿಗೆ ಹೋಗುವ ಸಣ್ಣ ಓಣಿಯಂಥ ಜಾಗದಲ್ಲಿ ಒಂದು ಬಲ್ಬಿತ್ತು. ಐದು ಹೆಜ್ಜೆ ನಡೆಯುವ ದಾರಿಗೆ ಬಲ್ಬು ಯಾಕೆ ಎಂದು ನಾನು ಅದನ್ನು ಬಿಚ್ಚಿ ಇಟ್ಟಿದ್ದೆ. ಅಕ್ಕ ಕತ್ತಲಲ್ಲಿ ಮೆಟ್ಟಿಲು ತಪ್ಪಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ನೋಡಲು ಬಂದವರಿಗೆಲ್ಲ ಅವಳು ಒಂದೇ ಮಾತು ಹೇಳಿದಳು: "ನೀರು ಚೆಲ್ಲಿತ್ತು, ನೋಡ್ಲಿಲ್ಲ." ಅವಳನ್ನು ಮನೆಗೆ ಕರೆತರುವ ಮುಂಚೆ ನಾನು ಬಲ್ಬನ್ನು ಮತ್ತೆ ಹಾಕಿಬಿಟ್ಟಿದ್ದೆ. ಅವಳು ಒಮ್ಮೆ ತಲೆಯೆತ್ತಿ ಅದನ್ನು ನೋಡಿದಳು, ಅಷ್ಟೇ. ಆಮೇಲೆ ಕಾಲು ಎಳೆಯುತ್ತ ನಡೆಯುವುದು ಅವಳಿಗೆ ಖಾಯಂ ಆಯಿತು.

ಈಗ ಹೇಳಲೇಬೇಕಾದದ್ದನ್ನು ಹೇಳುತ್ತೇನೆ. ನಾವು ಮೂವರು ಉಂಡ ಮೇಲೆ ಅಕ್ಕ ತನ್ನ ತಟ್ಟೆ ಹಿಡಿದು ಅಡುಗೆಮನೆಯಿಂದ ನಡುಮನೆಗೆ ಬಂದು, ನಮ್ಮನ್ನು ದಾಟಿ, ಕಂಬದ ಹತ್ತಿರ ಹೋಗಿ ಕೂರುತ್ತಾಳೆ. ಒಂದು ದಿನ, ಯಾಕೆಂದು ನನಗೇ ಗೊತ್ತಿಲ್ಲ, ನಾನು ಎದ್ದು ಅವಳ ಬೆನ್ನ ಹಿಂದೆ ಅವಳ ಹಾಗೆಯೇ ಕಾಲೆಳೆದು ನಾಲ್ಕು ಹೆಜ್ಜೆ ಹಾಕಿದೆ, ಖಾಲಿ ಕೈಯಲ್ಲಿ ತಟ್ಟೆ ಹಿಡಿದ ಹಾಗೆ ಮಾಡಿ. ಮೇದಿನಿ ಕಿಸಕ್ಕೆಂದಳು. ಕುಸುಮ ಸೆರಗು ಬಾಯಿಗೊತ್ತಿ, "ಬಿಡ್ರೀ, ಪಾಪ" ಎಂದಳು. ಆ ಮಾತಿನಲ್ಲಿ ಇನ್ನೊಂದು ಸಲ ಮಾಡಿ ಎನ್ನುವುದೂ ಇತ್ತು. ಅಕ್ಕ ತಿರುಗುವಷ್ಟರಲ್ಲಿ ನಾನು ಕೂತು ಟಿವಿ ನೋಡುತ್ತಿದ್ದೆ. ಮರುದಿನ ಮೇದಿನಿ ಕಣ್ಣಿನಲ್ಲೇ ಕೇಳಿದಳು, ಮತ್ತೆ ಮಾಡಿದೆ. ದಿನವಿಡೀ ಮೈಕಿನಲ್ಲಿ ಕೂಗಿ ಗಂಟಲು ಒಣಗಿ ಬಂದವನಿಗೆ ಮಗಳ ನಗು ದೊಡ್ಡದಾಗಿ ಕಂಡಿತು. ಎರಡು ವರ್ಷ ಹೀಗೇ ನಡೆಯಿತು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವವರು ಇರುವುದಿಲ್ಲವೆ, ನಮಗೆ ಇದು ಹಾಗೆ ರೂಢಿಯಾಯಿತು.

ಈ ವರ್ಷ ಕರೆಂಟಿನ ದರ ಏರಿದಾಗ ನಾನು ಎಲ್‌ಇಡಿ ಬಲ್ಬು ಹುಡುಕಲು ಹೊರಟೆ. ಅರವತ್ತು ವ್ಯಾಟಿನ ಹಳೇ ಬಲ್ಬು ಕೊಡುವ ಬೆಳಕನ್ನು ಒಂಬತ್ತು ವ್ಯಾಟಿನದು ಕೊಡುತ್ತದೆಂದು ಮೈಕಿನಲ್ಲಿ ಜಾಹೀರಾತು ಓದಿ ಓದಿ ನನಗೇ ಬಾಯಿಪಾಠವಾಗಿತ್ತು. ಪೇಟೆಯ ದೊಡ್ಡ ಅಂಗಡಿಯಲ್ಲಿ ಬೆಲೆ ಕೇಳಿ, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ನಿಂತು ಬಂದೆ. ಸಂತೆಯಲ್ಲಿ ಗೋಣಿ ಹಾಸಿ ಗುಡ್ಡೆ ಹಾಕಿದ್ದವನ ಹತ್ತಿರ ಅಗ್ಗವಾಗಿಯೇ ಸಿಕ್ಕಿತು. ತಂದು ಹಾಕಿದ ನಾಲ್ಕನೇ ದಿನ ಅದು ಕಣ್ಣು ಮಿಟುಕಿಸಲು ಶುರುಮಾಡಿ, ಐದನೇ ದಿನ ಕಣ್ಣು ಮುಚ್ಚಿತು. ಕೊನೆಗೆ ಬಾವಿಕಟ್ಟೆಯ ದಸ್ತಗೀರ್ ಸಾಬರ ಅಂಗಡಿ. ಅಲ್ಲಿ ಉರಿಯುವ ಹಳೇ ಬಲ್ಬು ಒಂದು ಕೊಟ್ಟರೆ, ಮೇಲೆ ಇಪ್ಪತ್ತೈದು ರೂಪಾಯಿಗೆ ಒಳ್ಳೇ ಎಲ್‌ಇಡಿ. ಹಳೆಯದನ್ನು ಅವರು ಇನ್ನೂ ಬಡವರಿಗೆ ಐದೋ ಹತ್ತೋ ರೂಪಾಯಿಗೆ ಕೊಡುತ್ತಿದ್ದರು. ಇಡೀ ಊರಲ್ಲಿ ಅದಕ್ಕಿಂತ ಅಗ್ಗ ಇರಲಿಲ್ಲ.

"ತೊಳೆದಿರ್ಬೇಕು ಸ್ವಾಮಿ. ಒಂಬತ್ತು ಸಂಜೆ. ಅದೊಂದು ಷರತ್ತು" ಎಂದರು ಸಾಬರು.

"ಈ ಹೊಸದೂ ನೆರಳು ಇಟ್ಕೊಳುತ್ತಾ ಸಾಬರೇ?"

"ಇಟ್ಕೊಳ್ದೆ ಏನು. ನೆರಳಿಗೆ ವ್ಯಾಟು ಗೊತ್ತಾಗಲ್ಲ."

ಮನೆಗೆ ಬಂದು ನಡುಮನೆ, ಅಡುಗೆಮನೆ, ಮಲಗುವ ಕೋಣೆ, ಜಗಲಿ ಎಂದು ನಾಲ್ಕು ಬಲ್ಬು ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಆಗ ನನ್ನ ತಲೆಯಲ್ಲಿ ಲೆಕ್ಕ ಶುರುವಾಯಿತು. ನಾಲ್ಕು ಬಲ್ಬು, ಒಂಬತ್ತು ಸಂಜೆ, ಮೂರು ಮೂರು ಗಂಟೆ: ಒಟ್ಟು ಆರೂವರೆ ಯೂನಿಟ್. ಯಾರೂ ಇಲ್ಲದ ಕೋಣೆಯಲ್ಲಿ, ಯಾರಿಗೂ ಬೇಡದ ಬೆಳಕು. ಕರೆಂಟು ಉಳಿಸಲು ಹೊರಟವನು ಮೊದಲು ಆರೂವರೆ ಯೂನಿಟ್ ಸುಡುವುದು ಯಾವ ನ್ಯಾಯ ಎಂದು ನನಗೆ ನಾನೇ ಕೇಳಿಕೊಂಡೆ. ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನಿದೆ, ಉಣ್ಣುತ್ತೇವೆ, ಮಲಗುತ್ತೇವೆ, ಎಲ್ಲರ ಮನೆಯಲ್ಲೂ ಅದೇ ತಾನೆ ಎಂದು ಸಮಾಧಾನವನ್ನೂ ಹೇಳಿಕೊಂಡೆ. ದೇವರಾಣೆ, ಆ ಹೊತ್ತಿನಲ್ಲಿ ಅಕ್ಕನ ಹಿಂದೆ ನಾನು ನಡೆಯುವುದು ನನ್ನ ನೆನಪಿಗೇ ಬರಲಿಲ್ಲ. ಮಾಡಿದ್ದಕ್ಕಿಂತ ಈ ನೆನಪಿಗೆ ಬಾರದೇ ಹೋದದ್ದೇ ನನಗೆ ಈಗ ಹೆಚ್ಚು ನಾಚಿಕೆ ತರುತ್ತದೆ.

ಬಲ್ಬುಗಳನ್ನು ಮತ್ತೆ ಅವುಗಳ ಜಾಗಕ್ಕೇ ಹಾಕಿ, ಹತ್ತು ದಿನ ಬಿಟ್ಟು ಬಿಚ್ಚಿ, ತೊಳೆದವನ ಹಾಗೆ ಸಾಬರ ಮುಂದಿಟ್ಟೆ.

"ತೊಳೆದಿದೀರಲ್ಲ?"

"ಏನ್ ಮಾತು ಸಾಬರೇ. ಒಂಬತ್ತಕ್ಕೆ ಒಂಬತ್ತೂ."

ಅವರು ಇನ್ನೊಂದು ಮಾತು ಕೇಳದೆ ನಾಲ್ಕು ಹೊಸ ಬಲ್ಬು ಕೊಟ್ಟರು. ಮನೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಕುಸುಮ ಮೂಲೆಯಲ್ಲಿದ್ದ ಜೇಡರ ಬಲೆ ನೋಡಿ ಪೊರಕೆ ತಂದಳು. ಅಕ್ಕ, "ಸೂಜಿಗೆ ದಾರ ಇಲ್ಲೇ ಪೋಣಿಸ್ಬಹುದು ಕಣೋ ಈಗ. ಒಳ್ಳೇ ಕೆಲಸ ಮಾಡ್ದೆ" ಎಂದಳು. ಅವಳು ನನ್ನನ್ನು ಹೊಗಳಿದ್ದು ಅದೇ ಕೊನೆ.

ಮೂರು ದಿನದ ಮೇಲೆ ಕ್ಷೌರಕ್ಕೆ ಹೋದೆ. ಅಂಗಡಿಯಲ್ಲಿ ಕಾಯುತ್ತಿದ್ದ ಇಬ್ಬರೂ ಗೋಡೆಗೆ ಬೆನ್ನು ಮಾಡಿ ರಸ್ತೆ ನೋಡುತ್ತ ಕೂತಿದ್ದರು. ನಾನು ಒಳಗೆ ಬಂದದ್ದೇ ಒಬ್ಬ ಕೆಮ್ಮಿದ. ಕ್ಷೌರದ ಅಂಗಡಿಯ ಸೋಮಣ್ಣ ಕತ್ತರಿ ಒರೆಸುತ್ತ, "ಬಲ್ಬು ಹೊಸದಾಗಿ ತಂದೆ, ಸಾಬರ ಹತ್ರ" ಎಂದಷ್ಟೇ ಹೇಳಿದ. ಗೋಡೆ ನೋಡಿದೆ. ಬನಿಯನ್ ಹಾಕಿದ ಒಬ್ಬ ಗಂಡಸಿನ ನೆರಳು ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕಿಕೊಳ್ಳುತ್ತ, ಸುಖದಿಂದ ಕತ್ತು ಮೇಲೆತ್ತುತ್ತಿತ್ತು. ಅದು ನಮ್ಮ ಮಲಗುವ ಕೋಣೆಯ ಬಾಗಿಲು. ಅದು ನಾನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ನನ್ನ ಕೈ ತಾನಾಗಿ ಬೆನ್ನಿಗೆ ಹೋಯಿತು. ಅಲ್ಲಿಯವರೆಗೂ ಅದು ನಗುವಂಥ ವಿಷಯವೇ. ಸೋಮಣ್ಣನೂ ತುಟಿ ಕಚ್ಚಿಕೊಂಡೇ ನಿಂತಿದ್ದ. ಆಗ ನಡುಮನೆಯ ಬಲ್ಬು ನೆನಪಾಯಿತು.

ಅಲ್ಲಿಂದ ಹೊರಬಿದ್ದವನು ನೇರ ಸಾಬರ ಅಂಗಡಿಗೆ ಓಡಿದೆ. ಅವರು ನನ್ನನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದರು. ಊರಿನ ಮಾತು ಅವರಿಗಾಗಲೇ ತಲುಪಿತ್ತು.

"ಇಪ್ಪತ್ತು ವರ್ಷದ ಅಂಗಡಿ ಸ್ವಾಮಿ. ನಿಮ್ಮ ಬಾಯಿ ಮಾತು ನಂಬಿದೆ" ಎಂದರು.

"ತಪ್ಪಾಯ್ತು ಸಾಬರೇ. ಉಳಿದ ಮೂರು ಎಲ್ಲಿ, ಅದನ್ನ ಮೊದ್ಲು ಹೇಳಿ."

"ಎರಡು ಇಲ್ಲೇ ಇವೆ. ಇನ್ನೊಂದು ಹೊಲಿಗೆ ಸಂಘಕ್ಕೆ ಹೋಯ್ತು, ಇವತ್ತು ಮಧ್ಯಾಹ್ನ. ರುಕ್ಮಾಬಾಯಿ ಬಂದು ತಗೊಂಡ್ಹೋದ್ರು."

ಉಳಿದ ಎರಡನ್ನು ಅವರು ತಂದು ತೋರಿಸಿದರು. ಒಂದಕ್ಕೆ ಅಡುಗೆಮನೆಯ ಹೊಗೆ ಹಿಡಿದಿತ್ತು, ಇನ್ನೊಂದಕ್ಕೆ ಜಗಲಿಯ ಧೂಳು. ನಡುಮನೆಯದು ಅಲ್ಲಿರಲಿಲ್ಲ.

ಬಾವಿಕಟ್ಟೆಯಿಂದ ಸಂಘಕ್ಕೆ ಅರ್ಧ ಮೈಲಿ. ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ. ದೀಪ ಹಾಕಿರದಿದ್ದರೆ ಸಾಕು, ಹೇಗಾದರೂ ಬಿಚ್ಚಿಕೊಂಡು ಬರುತ್ತೇನೆ, ಬೇಕಾದರೆ ನಾಲ್ಕು ಹೊಸ ಬಲ್ಬು ಕೊಡುತ್ತೇನೆ ಎಂದುಕೊಳ್ಳುತ್ತ ಓಡಿದೆ. ಬಲ್ಬಿನ ವಿಷಯದಲ್ಲಿ ಜೀವಮಾನದಲ್ಲಿ ಮೊದಲ ಸಲ ನಾನು ಬೆಲೆಯ ಯೋಚನೆ ಮಾಡದೆ ಇದ್ದದ್ದು ಆ ಅರ್ಧ ಮೈಲಿಯಲ್ಲಿ. ಸಂಘದ ಕಿಟಕಿ ದೂರದಿಂದಲೇ ಹಳದಿಯಾಗಿ ಕಂಡಿತು.

ಒಳಗೆ ಹತ್ತು ಹನ್ನೊಂದು ಹೆಂಗಸರು. ಎಲ್ಲರೂ ಮಿಷನ್ನುಗಳನ್ನು ಎಳೆದು ತಿರುಗಿಸಿಕೊಂಡು, ನೆರಳು ಬಿದ್ದ ಗೋಡೆಗೆ ಬೆನ್ನು ಮಾಡಿ ಕೂತಿದ್ದರು. ಶಾಲೆ ಶುರುವಾಗುವ ಕಾಲ, ನೀಲಿ ಲಂಗದ ರಾಶಿ ನೆಲದ ಮೇಲಿತ್ತು. ಯಾರ ಮಿಷನ್ನೂ ನಿಂತಿರಲಿಲ್ಲ. ಅಕ್ಕ ಒಬ್ಬಳೇ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು, ಮಡಿಲಲ್ಲಿ ಲಂಗ, ಕೈಯಲ್ಲಿ ಸೂಜಿ. ತನ್ನ ನೆರಳನ್ನು ತಾನು ನೋಡಬಾರದೆಂದು ನಮ್ಮೂರಲ್ಲಿ ಯಾವ ಕಟ್ಟಳೆಯೂ ಇಲ್ಲ.

ಗೋಡೆಯ ಮೇಲೆ ಅಕ್ಕನ ನೆರಳು ತಟ್ಟೆ ಹಿಡಿದು, ಒಂದು ಕಾಲೆಳೆದು, ನಿಧಾನಕ್ಕೆ ಬರುತ್ತಿತ್ತು. ತಟ್ಟೆ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದಳು. ಹಿಂದೆ ನಾನು. ಬೆನ್ನು ಬಗ್ಗಿಸಿ, ಕತ್ತು ಮುಂದೆ ಚಾಚಿ, ಇಲ್ಲದ ತಟ್ಟೆ ಹಿಡಿದು. ಪಕ್ಕದಲ್ಲಿ ಸೆರಗು ಬಾಯಿಗೊತ್ತಿದ ಒಂದು ನೆರಳು, ಹೊಟ್ಟೆ ಹಿಡಿದುಕೊಂಡು ಹಿಂದಕ್ಕೆ ವಾಲುವ ಒಂದು ಪುಟ್ಟ ನೆರಳು. ಅಕ್ಕ ಕಂಬದ ಹತ್ತಿರ ಹೋಗಿ ಕೂತು ಉಣ್ಣತೊಡಗಿದ ಮೇಲೆ ನಾನೂ ಕೂತೆ. ಸ್ವಲ್ಪ ಹೊತ್ತು ಗೋಡೆ ಬರಿದಾಯಿತು. ಮತ್ತೆ ಅಕ್ಕ ತಟ್ಟೆ ಹಿಡಿದು ಬಂದಳು, ಮತ್ತೆ ಹಿಂದೆ ನಾನು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೆ ಅನ್ನಿಸಿತು. ನಾನು ಸ್ವಿಚ್ಚಿನ ಕಡೆ ಹೋದೆ.

"ಮುಟ್ಬೇಡಿ" ಎಂದರು ರುಕ್ಮಾಬಾಯಿ, ಹೊಲಿಗೆಯಿಂದ ತಲೆ ಎತ್ತದೆ. ಸಂಘಕ್ಕೆ ಅವರೇ ಯಜಮಾನಿ. "ಅಂಬುಜಮ್ಮ ಹೇಳ್ಲಿ. ಅವ್ರು ತೆಗೀರಿ ಅಂದ್ರೆ ತೆಗೆಯೋಣ."

"ಅಕ್ಕ, ತೆಗೀತೀನಿ. ಹೊಸದು ತಂದು ಹಾಕ್ತೀನಿ" ಎಂದೆ. ದಿನಾ ಸಾವಿರ ಜನಕ್ಕೆ ಕೇಳುವ ನನ್ನ ಗಂಟಲು ಆಗ ನನಗೇ ಕೇಳಿಸಲಿಲ್ಲ.

ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿದಳು. "ಬೇಡ. ಈಗ ತೆಗೆದ್ರೆ ಇನ್ನೂ ಏನೋ ದೊಡ್ಡದಿತ್ತು ಅಂದ್ಕೊಳ್ತಾರೆ. ಒಂಬತ್ತು ದಿನ ತಾನೆ, ಇಲ್ಲೇ ತೊಳ್ಕೊಳ್ಲಿ. ಲಂಗ ಕೊಡೋ ದಿನ ಬಂತು, ಇವರಿಗೆಲ್ಲ ಬೆಳಕು ಬೇಕು."

ಮನೆಗೆ ಒಟ್ಟಿಗೇ ಹೊರಟೆವು. ನಾನು ಅವಳ ಪಕ್ಕ ನಡೆಯುತ್ತ ಬಾಯಿ ತೆರೆದೆ, ಮುಚ್ಚಿದೆ. ಮನೆಯ ಗೇಟಿನ ಹತ್ತಿರ ಬಂದಾಗ ಅವಳೇ, "ನೀವು ಟಿವಿ ನೋಡಿ ನಗ್ತೀರ ಅಂದ್ಕೊಂಡಿದ್ದೆ" ಎಂದಳು. ಒಳಗೆ ಹೋಗಿ ಕೈಕಾಲು ತೊಳೆದು ಎಂದಿನ ಹಾಗೆ ಸಾರಿಗೆ ಒಗ್ಗರಣೆ ಹಾಕಿದಳು.

ಆ ರಾತ್ರಿ ಕುಸುಮನಿಗೆ ಹೇಳಿದೆ. ಅವಳು ನನ್ನನ್ನು ಬಯ್ಯುತ್ತಾಳೆಂದುಕೊಂಡಿದ್ದೆ, ಬಯ್ದಿದ್ದರೆ ಚೆನ್ನಾಗಿತ್ತು. "ನಾನೂ ಇದ್ದೀನಾ ಅದ್ರಲ್ಲಿ?" ಎಂದು ಕೇಳಿ, ಇದ್ದೀಯ ಎಂದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಮೇದಿನಿಗೆ ಮರುದಿನ ಶಾಲೆಯ ಗೆಳತಿಯರಿಂದ ಹೇಗೋ ತಿಳಿಯಿತು. ಆಡಬಾರದೆಂದು ಕಲಿಸಿದ್ದರೂ ಮಕ್ಕಳು ಮಕ್ಕಳೇ. ಅವಳು ಬ್ಯಾಗು ಎಸೆದು ನೇರ ಅಡುಗೆಮನೆಗೆ ಹೋಗಿ, "ಅತ್ತೆ, ನಾನು ನಕ್ಕಿದ್ದು ತಪ್ಪಾಯ್ತು" ಎಂದು ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಅಕ್ಕ ಅವಳ ಜಡೆ ಬಿಚ್ಚಿ ಹೊಸದಾಗಿ ಹೆಣೆದು ಕಳಿಸಿದಳು. ನೋಡಿ, ಅಷ್ಟೇ ಕೆಲಸ. ಹತ್ತು ವರ್ಷದವಳು ಎರಡು ನಿಮಿಷದಲ್ಲಿ ಮಾಡಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ, ಆಮೇಲೆ ಪೇಪರು ಓದಲು ಹೋದೆ.

ಪ್ರತಿ ಸಂಜೆ ಅಕ್ಕನನ್ನು ಕರೆತರಲು ನಾನೇ ಹೋಗತೊಡಗಿದೆ. ಅವಳು ಬರಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರೂ ಮ್ಯಾನೇಜರ ನಡಿಗೆ ತೋರಿಸಲು ಕೇಳುತ್ತಿರಲಿಲ್ಲ. ಟೀ ಅಂಗಡಿಯಲ್ಲಿ ನನಗೆ ಜಾಗ ಬಿಡುತ್ತಿದ್ದರು, ಮೊದಲಿಗಿಂತ ಹೆಚ್ಚು ಮರ್ಯಾದೆ ಕೊಡುತ್ತಿದ್ದರು. ನಮ್ಮೂರಿನವರು ಒಬ್ಬನ ನೆರಳು ನೋಡಿದ ಮೇಲೆ ಅವನನ್ನು ಬಹುವಚನದಲ್ಲಿ ಮಾತಾಡಿಸುತ್ತಾರೆ.

ಐದನೇ ಸಂಜೆ ನನಗೆ ತಡೆಯಲಾಗಲಿಲ್ಲ. ಸಂಘದ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅಕ್ಕನ ಕಾಲು ಹೀಗಾದದ್ದು ನೀರಿನಿಂದಲ್ಲ, ದಾರಿಯ ಬಲ್ಬನ್ನು ನಾನೇ ಬಿಚ್ಚಿಟ್ಟಿದ್ದೆ, ಅವಳನ್ನು ಬೀಳಿಸಿದವನೂ ನಾನೇ, ಅಣಕಿಸಿದವನೂ ನಾನೇ ಎಂದೆ. ಹೇಳುವಾಗ ಕಣ್ಣಲ್ಲಿ ನೀರು ಬಂತು. ನಿಜವಾಗಿಯೂ ಬಂತು, ಆದರೆ ಮೈಕಿನ ಮುಂದೆ ಕೂತವನ ಚಾಳಿ ಬಿಡಬೇಕಲ್ಲ. ಎಲ್ಲಿ ದನಿ ಇಳಿಸಬೇಕೋ ಅಲ್ಲಿ ಇಳಿಸಿದ್ದೂ ನನಗೆ ಗೊತ್ತಾಯಿತು. ಮಿಷನ್ನುಗಳು ಮೊದಲ ಬಾರಿಗೆ ನಿಂತವು. ಹೆಂಗಸರು ಅಕ್ಕನ ಕಡೆ ನೋಡಿದರು.

ಅಕ್ಕನ ಮುಖ ಕೆಂಪಾಯಿತು. ಗೋಡೆಯ ಮೇಲೆ ಅಷ್ಟು ದಿನ ಕಂಡದ್ದಕ್ಕೆ ಆಗದಿದ್ದ ಸಿಟ್ಟು ಆಗ ಬಂತು. "ಯಾರು ಕೇಳಿದ್ರು ನಿನ್ನ?" ಎಂದಳು. "ಮೂರು ವರ್ಷದಿಂದ ನೀರು ಚೆಲ್ಲಿತ್ತು ಅಂತ ಇವರಿಗೆಲ್ಲ ಹೇಳ್ಕೊಂಡು ಬಂದಿದೀನಿ. ರುಕ್ಮಾಬಾಯಿ ಆಸ್ಪತ್ರೆಗೆ ಗಂಜಿ ತಂದ್ರು, ಅವರ ಮುಖ ನೋಡ್ಕೊಂಡು ಹೇಳಿದೀನಿ. ಈಗ ನಾನು ಸುಳ್ಳು ಹೇಳೋಳಾದೆ. ನಿಂಗೆ ಹಗುರಾಯ್ತು, ಹೋಗು."

ರುಕ್ಮಾಬಾಯಿ ಏನೋ ಹೇಳಲು ಹೋದರು. ಅಕ್ಕ ಸೂಜಿಯ ಡಬ್ಬಿ ಮುಚ್ಚಿ ಎದ್ದು ನನಗಿಂತ ಮೊದಲೇ ಹೊರಗೆ ನಡೆದಳು. ಅವಳು ನನಗಾಗಿ ಇಟ್ಟುಕೊಂಡಿದ್ದ ಒಂದೇ ಒಂದು ಮರ್ಯಾದೆಯನ್ನೂ ನಾನು ಬೀದಿಗೆ ಹಾಕಿದ್ದೆ, ಅದೂ ಅವಳ ಮರ್ಯಾದೆಯ ಜೊತೆಗೆ. ಕ್ಷಮೆ ಕೇಳುವುದನ್ನು ಮಾತ್ರ ಮರೆತಿದ್ದೆ. ಅದು ತಿಳಿದದ್ದು ಮನೆಗೆ ಬಂದು ಹಾಸಿಗೆಯ ಮೇಲೆ ಕೂತಾಗ.

ಆಮೇಲಿನ ಸಂಜೆಗಳಲ್ಲಿ ನೆರಳು ತೆಳುವಾಗುತ್ತ ಬಂತು. ಏಳನೇ ದಿನ ಕುಸುಮನೂ ಮೇದಿನಿಯೂ ಗೋಡೆಯಿಂದ ಹೋದರು. ಎಂಟನೇ ದಿನ ಅಕ್ಕ ಮತ್ತು ನಾನು ಮಾತ್ರ, ಇದ್ದೂ ಇಲ್ಲದ ಹಾಗೆ. ಒಂಬತ್ತನೇ ಸಂಜೆ ನಾನು ಹೋದಾಗ ಸುಣ್ಣದ ಗೋಡೆ ಬರೀ ಸುಣ್ಣದ ಗೋಡೆಯಾಗಿತ್ತು. ಹೆಂಗಸರು ಮಿಷನ್ನುಗಳನ್ನು ಮೊದಲಿನ ಹಾಗೆ ತಿರುಗಿಸಿ ಇಟ್ಟುಕೊಂಡಿದ್ದರು. ಲಂಗಗಳು ಕಟ್ಟಾಗಿ ಬಾಗಿಲ ಹತ್ತಿರ ಇದ್ದವು. ಅಕ್ಕ ಚೀಲ ಎತ್ತಿಕೊಂಡಳು, ನಾವು ಹೊರಟೆವು.

ಆ ದಿನ ಕೇಳಲೇಬೇಕೆಂದು ಗಟ್ಟಿಮಾಡಿಕೊಂಡು ಬಂದಿದ್ದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಅಕ್ಕ ಎರಡು ಹೆಜ್ಜೆ ಮುಂದಿದ್ದಳು, ನಾನು ಹಿಂದೆ. "ಅಕ್ಕ, ತಪ್ಪಾಯ್ತು. ಕ್ಷಮಿಸಿಬಿಡು" ಎಂದೆ. ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

ಅವಳು ನಿಂತಳು. ತಿರುಗಿ ನನ್ನನ್ನು ನೋಡಲಿಲ್ಲ. ಬಗ್ಗಿ ಸೀರೆಯ ನಿರಿಗೆಯನ್ನು ಸ್ವಲ್ಪ ಮೇಲೆತ್ತಿ ತನ್ನ ಪಾದಗಳ ಕಡೆ ಬೆರಳು ಮಾಡಿದಳು.

"ಎಡಗಾಲು ಕಣೋ ನಂದು. ಇಷ್ಟು ದಿನ ನೋಡ್ದೆ. ನೀನು ಬಲಗಾಲು ಎಳೀತೀಯ. ನಾನು ಎಳೆಯೋವಾಗ ನೀನು ಎತ್ತುತೀಯ, ನಾನು ಎತ್ತೋವಾಗ ನೀನು ಎಳೀತೀಯ. ಎರಡು ವರ್ಷ ನನ್ನ ಹಿಂದೇನೇ ನಡೆದಿದೀಯ, ಯಾವ ಕಾಲು ಅಂತ ನೋಡ್ಲಿಲ್ವಲ್ಲ."

ನಾನೂ ಬಗ್ಗಿದೆ. ಮೊದಲ ಬಾರಿಗೆ ಆ ಕಾಲನ್ನು ನೋಡಿದೆ. ಎಡಗಾಲು. ಪಾದ ಹೊರಕ್ಕೆ ತಿರುಗಿತ್ತು, ಹೆಬ್ಬೆರಳಿನ ಹತ್ತಿರ ಚಪ್ಪಲಿ ಒಂದೇ ಕಡೆ ಸವೆದು ತೂತಾಗಿತ್ತು.

"ಕ್ಷಮಿಸೋದು ಇರ್ಲಿ. ನೀನು ಮುಂದೆ ನಡಿ" ಎಂದಳು. "ನನ್ನ ಹಿಂದೆ ಬರಬೇಡ. ಹಿಂದೆ ಯಾರಾದ್ರೂ ಇದ್ರೆ ಈಗ ನಂಗೆ ನಡೆಯೋಕೆ ಆಗಲ್ಲ."

ನಾನು ಮುಂದೆ ನಡೆದೆ. ಮನೆ ಬರುವವರೆಗೂ ತಿರುಗಿ ನೋಡಲಿಲ್ಲ, ನೋಡುವ ಹಕ್ಕು ನನಗಿದೆ ಅನ್ನಿಸಲಿಲ್ಲ. ಹಿಂದೆ ಅವಳ ಹೆಜ್ಜೆ ಬರುತ್ತಿದ್ದುದು ಕೇಳಿಸುತ್ತಿತ್ತು, ಒಂದು ಹೆಜ್ಜೆ, ಒಂದು ಎಳೆತ. ನಾನು ಬೇಗ ನಡೆದರೆ ಅವಳಿಗೆ ಕಷ್ಟ, ನಿಧಾನಿಸಿದರೆ ಅವಳು ನಿಂತುಬಿಡುತ್ತಿದ್ದಳು. ಈಗ ಆರು ತಿಂಗಳಾಯಿತು. ಅಕ್ಕ ನನ್ನ ಜೊತೆ ಮಾತಾಡುತ್ತಾಳೆ, ಉಪ್ಪು ಸರಿಯಿದೆಯಾ ಎಂದು ಕೇಳುತ್ತಾಳೆ, ನನ್ನ ಅಂಗಿಗೆ ಗುಂಡಿ ಹಾಕಿಕೊಡುತ್ತಾಳೆ. ತಟ್ಟೆ ಹಿಡಿದು ನಡುಮನೆಗೆ ಬರುವಾಗ ನಾನು ಎಲ್ಲಿ ಕೂತಿದ್ದೇನೆಂದು ಮೊದಲು ನೋಡಿಕೊಳ್ಳುತ್ತಾಳೆ. ನಾನೇನಾದರೂ ಅವಳ ಹಿಂದಿನಿಂದ ಬಂದರೆ, ಗೋಡೆಗೆ ಒರಗಿ ನಿಂತು, ನಾನು ದಾಟಿ ಹೋಗುವವರೆಗೂ ಕಾಯುತ್ತಾಳೆ.